ನೇಪಿಯನ್ ಕ್ಷೇತ್ರದಲ್ಲಿ ಓಟು ಹಾಕುವವರಿಗೆ: ಮೊದಲು ವಿಳಾಸ ನೋಡಿಕೊಳ್ಳಿ

ಶಿರಾ ತಾಲ್ಲೂಕಿನ ದ್ವಾರಾಳು ಮೂಲದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ನಮ್ಮಲ್ಲಿ ಮನೆಮನೆಗೂ ತಲುಪಿತ್ತು. ಅವರನ್ನು 2015, 2019, 2021ರಲ್ಲಿ ಸಾಲಾಗಿ ಮೂರು ಸಲ ಗೆಲ್ಲಿಸಿದ್ದು ಒಟ್ಟಾವಾ ನಗರದ ನೇಪಿಯನ್ ಕ್ಷೇತ್ರ. 2025ರ ಏಪ್ರಿಲ್ 28ರಂದು ಅದೇ ಕ್ಷೇತ್ರ ಶೇ 60ಕ್ಕೂ ಹೆಚ್ಚು ಮತ ಕೊಟ್ಟು ಪ್ರಧಾನಿ ಮಾರ್ಕ್ ಕಾರ್ನಿಯವರನ್ನು ಆರಿಸಿತು. ಇಷ್ಟು ಸುದ್ದಿಯಾದ ಕ್ಷೇತ್ರದಲ್ಲೂ ಬಾರ್‌ಹೇವನ್ ಕಡೆ ಮನೆ ಮಾಡಿ, ಹೊಸದಾಗಿ ಸಿಟಿಜನ್‌ಶಿಪ್ ಪಡೆದವರು ಮೊದಲ ಓಟಿಗೆ ಹೋದಾಗ ಒಂದೇ ಜಾಗದಲ್ಲಿ ಎಡವುತ್ತಾರೆ, ಅದು ವಿಳಾಸ. ಕೆನಡಾದಲ್ಲಿ ನಿಮ್ಮ ಮತ ನೀವು ಈಗ ವಾಸ ಇರುವ ಮನೆಗೆ ಕಟ್ಟಿಕೊಂಡಿರುತ್ತದೆ. ಅದನ್ನು ಸರಿ ಮಾಡಿಕೊಂಡರೆ ಉಳಿದದ್ದು ಸಲೀಸು.

ಮೊದಲಿಗೆ, ನೀವು ಯಾವ ನೇಪಿಯನ್‌ನವರು? ನೇಪಿಯನ್ ಎಂಬ ಪ್ರತ್ಯೇಕ ನಗರ 2001ರ ಜನವರಿ 1ರಂದು ಒಟ್ಟಾವಾದಲ್ಲಿ ವಿಲೀನವಾಯಿತು. ಹೆಸರು ಮಾತ್ರ ಅಂಚೆ ವಿಳಾಸದಲ್ಲಿ ಇನ್ನೂ ಉಳಿದಿದೆ. ಹಳೇ ನಗರದ ಉತ್ತರದ ಎಷ್ಟೋ ಬೀದಿಗಳು ಒಟ್ಟಾವಾ ವೆಸ್ಟ್-ನೇಪಿಯನ್ ಎಂಬ ಬೇರೆ ಕ್ಷೇತ್ರಕ್ಕೆ ಸೇರುತ್ತವೆ, ಹಾಗಾಗಿ ಕಾಗದದ ಮೇಲೆ ‘ನೇಪಿಯನ್’ ಎಂದಿದ್ದ ಮಾತ್ರಕ್ಕೆ ನೇಪಿಯನ್ ಕ್ಷೇತ್ರದ ಮತದಾರರಾಗುವುದಿಲ್ಲ. ಇದರ ಮೇಲೆ ಇನ್ನೊಂದು ಗೋಜಲಿದೆ. ಒಂಟಾರಿಯೊ ಪ್ರಾಂತ್ಯದ ಶಾಸನಸಭೆಗೂ ನೇಪಿಯನ್ ಹೆಸರಿನದೇ ಕ್ಷೇತ್ರವಿದೆ. ಫೆಡರಲ್, ಅಂದರೆ ಕೆನಡಾ ಸಂಸತ್ತಿನ ಕ್ಷೇತ್ರದ ಗಡಿಯನ್ನು 2023ರಲ್ಲಿ ಹೊಸದಾಗಿ ಬರೆದರು, ಪ್ರಾಂತ್ಯ ಹಳೇ ಗಡಿಯನ್ನೇ ಉಳಿಸಿಕೊಂಡಿತು. ಹೀಗೆ ಹೆಸರು ಒಂದು, ನಕ್ಷೆ ಎರಡು. 2025ರ ಫೆಬ್ರುವರಿ 27ರಂದು ಪ್ರಾಂತ್ಯದ ಚುನಾವಣೆ ಮುಗಿದು ಎರಡು ತಿಂಗಳಿಗೆ ಫೆಡರಲ್ ಚುನಾವಣೆ ಬಂತು. ಎರಡನ್ನೂ ನಡೆಸುವ ಸಂಸ್ಥೆಗಳೇ ಬೇರೆ. ಹೋದ ಸಲ ಇದ್ದ ಮತಗಟ್ಟೆಯೇ ಈ ಸಲವೂ ಇರುತ್ತದೆ ಎಂದುಕೊಂಡು ಹೊರಡಬೇಡಿ. ಫೆಡರಲ್ ಚುನಾವಣೆ ನಡೆಸುವ ಎಲೆಕ್ಷನ್ಸ್ ಕೆನಡಾದ ಜಾಲತಾಣದಲ್ಲಿ ಪೋಸ್ಟಲ್ ಕೋಡ್ ಹಾಕಿದರೆ ಕ್ಷೇತ್ರ ತಿಳಿಯುತ್ತದೆ. ಒಂದೇ ಕೋಡ್ ಎರಡು ಕ್ಷೇತ್ರಗಳಿಗೆ ಹಂಚಿಹೋಗಿದ್ದರೆ ಮನೆ ನಂಬರು, ಬೀದಿ ಕೇಳುತ್ತದೆ. ಆಗ ಅಂದಾಜಿನ ಮೇಲೆ ಆರಿಸದೆ ಪೂರ್ತಿ ವಿಳಾಸ ಕೊಡಿ.

ಗಡಿ ಬದಲಾಗಿದ್ದು ಯಾಕೆಂದರೆ, ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ಪ್ರತಿ ಪ್ರಾಂತ್ಯಕ್ಕೂ ಮೂವರ ಆಯೋಗ ಕೂತು ಕ್ಷೇತ್ರಗಳನ್ನು ಮತ್ತೆ ಹಂಚುತ್ತದೆ. ಸಾಮಾನ್ಯವಾಗಿ ಒಬ್ಬ ನ್ಯಾಯಾಧೀಶರು ಅದರ ಅಧ್ಯಕ್ಷರು. 2021ರ ಗಣತಿಯಂತೆ ಒಂಟಾರಿಯೊದ 1,42,23,942 ಜನರನ್ನು 122 ಸ್ಥಾನಗಳಿಗೆ ಭಾಗಿಸಿದಾಗ ಕ್ಷೇತ್ರಕ್ಕೆ ಸರಾಸರಿ 1,16,590 ಜನ ಬಂದರು. ಅಸಾಧಾರಣ ಕಾರಣವಿಲ್ಲದೆ ಇದಕ್ಕಿಂತ ಶೇ 25ರಷ್ಟು ಮೇಲೆ ಕೆಳಗೆ ಹೋಗುವಂತಿಲ್ಲ. ದೇಶದ ಒಟ್ಟು ಸ್ಥಾನಗಳು 338ರಿಂದ 343ಕ್ಕೆ ಏರಿದವು. ನಮ್ಮ ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳಲ್ಲಿ ಮತದಾರರೇ ಸರಾಸರಿ 19 ಲಕ್ಷ ದಾಟುತ್ತಾರೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ನೇಪಿಯನ್‌ನ ಒಂದು ಓಟಿನ ತೂಕ ಗೊತ್ತಾಗುತ್ತದೆ.

ಇನ್ನು ಹೆಸರು ನೋಂದಣಿ. ಸಿಟಿಜನ್ ಆಗಿ 18 ತುಂಬಿದ್ದರೆ ಸಾಕು. ಸಿಟಿಜನ್‌ಶಿಪ್ ಅರ್ಜಿಯಲ್ಲೂ, ಪ್ರತಿ ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲೂ ನಿಮ್ಮ ವಿವರವನ್ನು ಎಲೆಕ್ಷನ್ಸ್ ಕೆನಡಾಕ್ಕೆ ಕೊಡಬಹುದೇ ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ‘ಹೌದು’ ಎಂದು ಗುರುತು ಹಾಕಿದರೆ ಪಟ್ಟಿಗೆ ಸೇರುವುದು, ವಿಳಾಸ ಬದಲಾಗುವುದು ಹೆಚ್ಚುಕಡಿಮೆ ತಾನಾಗಿ ನಡೆಯುತ್ತದೆ. ಟ್ಯಾಕ್ಸ್ ಫೈಲ್ ಮಾಡಿಕೊಡುವವರು ಈ ಪ್ರಶ್ನೆಯನ್ನು ನಿಮ್ಮನ್ನು ಕೇಳದೆ ಖಾಲಿ ಬಿಡುವುದುಂಟು, ನೀವೇ ಕೇಳಿ ಹಾಕಿಸಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಮತದಾನದ ದಿನವೇ ಮತಗಟ್ಟೆಯಲ್ಲಿ ನೋಂದಾಯಿಸಿಕೊಂಡು ಓಟು ಹಾಕಬಹುದು. ಭಾರತದ ಅಭ್ಯಾಸದಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲ ಎಂದು ಮನೆಯಲ್ಲೇ ಉಳಿದುಬಿಡಬೇಡಿ.

ನಿಜವಾಗಿ ಜನ ಸಿಕ್ಕಿಹಾಕಿಕೊಳ್ಳುವುದು ಗುರುತಿನ ದಾಖಲೆಯಲ್ಲಿ. ಫೋಟೊ, ಹೆಸರು, ಈಗಿನ ವಿಳಾಸ ಮೂರೂ ಇರುವ ಸರ್ಕಾರಿ ಕಾರ್ಡ್ ಒಂದಿದ್ದರೆ ಮುಗಿಯಿತು. ಒಂಟಾರಿಯೊ ಡ್ರೈವಿಂಗ್ ಲೈಸೆನ್ಸ್ ಅಂಥದ್ದು. ಆದರೆ ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಬಂದವರ ಲೈಸೆನ್ಸ್‌ನಲ್ಲಿ ಹಳೇ ವಿಳಾಸವೇ ಕೂತಿರುತ್ತದೆ. ಮನೆ ಬದಲಿಸಿದ 6 ದಿನದೊಳಗೆ ಲೈಸೆನ್ಸ್ ವಿಳಾಸ ತಿಳಿಸಬೇಕೆಂಬುದು ಒಂಟಾರಿಯೊ ನಿಯಮ. ಅದನ್ನು ಮುಂದೂಡಿದರೆ ಮತಗಟ್ಟೆಯಲ್ಲಿ ಈ ಕಾರ್ಡ್ ಒಂದೇ ಸಾಕಾಗುವುದಿಲ್ಲ. ಪಾಸ್‌ಪೋರ್ಟ್ ಒಂದನ್ನೇ ಹಿಡಿದು ಬರುವವರೂ ಇದ್ದಾರೆ. ಅದರಲ್ಲಿ ವಿಳಾಸ ಮುದ್ರಿಸಿರುವುದಿಲ್ಲ, ಜೊತೆಗೆ ಇನ್ನೊಂದು ಕಾಗದ ಬೇಕು.

ಎರಡನೇ ದಾರಿ ಎಂದರೆ ಎರಡು ದಾಖಲೆ. ಎರಡರಲ್ಲೂ ನಿಮ್ಮ ಹೆಸರು, ಒಂದರಲ್ಲಾದರೂ ಈಗಿನ ವಿಳಾಸ ಇರಬೇಕು. ಮಗನ ಮನೆಯಲ್ಲಿರುವ ಅಮ್ಮನ ವಿಷಯ ತೆಗೆದುಕೊಳ್ಳಿ. ಹೈಡ್ರೊ (ಕರೆಂಟ್) ಬಿಲ್, ಇಂಟರ್‌ನೆಟ್ ಬಿಲ್ ಎಲ್ಲ ಮಗನ ಹೆಸರಲ್ಲಿ, ಅಮ್ಮನಿಗೆ ಲೈಸೆನ್ಸ್ ಇಲ್ಲ. ಆಕೆಯ ಹೆಲ್ತ್ ಕಾರ್ಡ್, ಅಂಚೆಯಲ್ಲಿ ಬಂದ ವೋಟರ್ ಇನ್ಫರ್ಮೇಷನ್ ಕಾರ್ಡ್ ಎರಡೂ ಸೇರಿದರೆ ಸಾಕು. ಆ ವೋಟರ್ ಕಾರ್ಡ್ ಒಂದನ್ನೇ ತೋರಿಸಿದರೆ ಗುರುತಿನ ಚೀಟಿಯಾಗಿ ನಡೆಯುವುದಿಲ್ಲ, ಆದರೂ ಜೊತೆಗೆ ಬೇಕಾಗುತ್ತದೆ. ಜಾಹೀರಾತಿನ ಕಾಗದಗಳ ಜೊತೆ ಅದನ್ನೂ ಕಸಕ್ಕೆ ಹಾಕದೆ ಎತ್ತಿಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಮೊಬೈಲ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಹಾಗಾಗಿ ಮನೆಯ ಹಿರಿಯರ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ, ಅದಕ್ಕೆ ಸರಿಯಾದ ವಿಳಾಸ ಇರಲಿ.

ಇದೂ ಇಲ್ಲದಿದ್ದರೆ ಮೂರನೇ ದಾರಿ. ನಿಮ್ಮ ಗುರುತು, ವಿಳಾಸವನ್ನು ಬರೆದು ಘೋಷಿಸಬೇಕು. ನಿಮ್ಮನ್ನು ಬಲ್ಲ, ನಿಮ್ಮದೇ ಮತಗಟ್ಟೆಗೆ ಸೇರಿದ ಒಬ್ಬರು ತಮ್ಮ ದಾಖಲೆ ತೋರಿಸಿ ಸಾಕ್ಷಿ ಹೇಳಬೇಕು. ಇಲ್ಲಿ ಒಂದು ಎಚ್ಚರಿಕೆ: ಒಬ್ಬರು ಒಬ್ಬರಿಗೆ ಮಾತ್ರ ಸಾಕ್ಷಿಯಾಗಬಹುದು. ಅಪ್ಪ ಅಮ್ಮ ಇಬ್ಬರಿಗೂ ದಾಖಲೆ ಇಲ್ಲದಿದ್ದರೆ ಮಗ ಒಬ್ಬರಿಗೆ, ಸೊಸೆ ಇನ್ನೊಬ್ಬರಿಗೆ ನಿಲ್ಲಬೇಕಾಗುತ್ತದೆ. ಕುಟುಂಬ ಒಟ್ಟಿಗೆ ಹೋಗುವುದೇ ಒಳ್ಳೆಯದು.

ದಿನಗಳ ಲೆಕ್ಕವೂ ಗೊತ್ತಿರಲಿ. ಪ್ರಚಾರದ ಅವಧಿ ಕನಿಷ್ಠ 37 ದಿನ, ಹೆಚ್ಚೆಂದರೆ 51. ಮತದಾನಕ್ಕೆ ಹಿಂದಿನ ವಾರ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ಮುಂಗಡ ಮತದಾನ, ಬೆಳಿಗ್ಗೆ 9ರಿಂದ ರಾತ್ರಿ 9. ಶಿಫ್ಟ್ ಕೆಲಸದವರಿಗೆ ಇದು ಅನುಕೂಲ. 2025ರಲ್ಲಿ ಈಸ್ಟರ್ ರಜೆಯೂ ಸೇರಿ ದೇಶದಲ್ಲಿ 73 ಲಕ್ಷದಷ್ಟು ಜನ ಹೀಗೆ ಓಟು ಹಾಕಿದರು. ಸೋಮವಾರದ ಮುಖ್ಯ ಮತದಾನಕ್ಕೆ ಒಟ್ಟಾವಾದಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 9.30ರವರೆಗೆ ಸಮಯ.

ಮದುವೆ, ಗೃಹಪ್ರವೇಶ ಎಂದು ಊರಿಗೆ ಹೊರಟವರಿಗೆ ಸ್ಪೆಷಲ್ ಬ್ಯಾಲಟ್ ಇದೆ, ಅಂದರೆ ಅಂಚೆಯಲ್ಲೋ ಚುನಾವಣಾ ಕಚೇರಿಯಲ್ಲೋ ಹಾಕುವ ಓಟು. ಮತದಾನಕ್ಕೆ ಮುಂಚಿನ ಮಂಗಳವಾರ ಸಂಜೆ 6ರೊಳಗೆ ಅರ್ಜಿ ಹಾಕಬೇಕು. ಆದರೆ ಬೆಂಗಳೂರಿನಲ್ಲಿ ಕೂತು ಆ ಗಡುವಿನವರೆಗೆ ಕಾದರೆ ಕೈಗೆ ಏನೂ ಬರುವುದಿಲ್ಲ. ಹೊರದೇಶದಿಂದ ಕಳಿಸಿದ ಬ್ಯಾಲಟ್ ಮತದಾನದ ದಿನ ಸಂಜೆ 6ರೊಳಗೆ ಒಟ್ಟಾವಾ ಸೇರಲೇಬೇಕು, ತಡವಾದದ್ದನ್ನು ಎಣಿಸುವುದಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಹೊರಡುತ್ತಿದ್ದರೆ ಕ್ಷೇತ್ರದ ರಿಟರ್ನಿಂಗ್ ಆಫೀಸರ್ ಕಚೇರಿಗೆ ಹೋಗಿ ಅಲ್ಲೇ ಓಟು ಹಾಕಿ ವಿಮಾನ ಹತ್ತಿ. ಈ ಬ್ಯಾಲಟ್‌ನಲ್ಲಿ ಹೆಸರುಗಳು ಮುದ್ರಿತವಾಗಿರುವುದಿಲ್ಲ, ಅಭ್ಯರ್ಥಿಯ ಹೆಸರನ್ನು ನೀವೇ ಬರೆಯಬೇಕು. ಬರೀ ಪಕ್ಷದ ಹೆಸರು ಬರೆದರೆ ಮತ ತಿರಸ್ಕೃತ. ಒಮ್ಮೆ ಸ್ಪೆಷಲ್ ಬ್ಯಾಲಟ್‌ಗೆ ಅರ್ಜಿ ಒಪ್ಪಿತವಾದರೆ ಆಮೇಲೆ ಮನಸ್ಸು ಬದಲಿಸಿ ಮಾಮೂಲಿನಂತೆ ಮತಗಟ್ಟೆಗೆ ಹೋಗಿ ಹಾಕುತ್ತೇನೆ ಎನ್ನುವಂತಿಲ್ಲ. ಅಂಚೆಯ ಓಟು ಎಷ್ಟು ಮುಖ್ಯ ಎನ್ನಲು ಕ್ವಿಬೆಕ್‌ನ ಟೆರಬಾನ್ ಕ್ಷೇತ್ರ ನೋಡಿ. 2025ರಲ್ಲಿ ಮರುಎಣಿಕೆಯ ನಂತರ ಅಲ್ಲಿ ಉಳಿದ ಅಂತರ ಒಂದೇ ಮತ. ಲಕೋಟೆಯ ಮೇಲೆ ಪೋಸ್ಟಲ್ ಕೋಡ್ ತಪ್ಪಾಗಿ ಮುದ್ರಣವಾಗಿ ಒಬ್ಬ ಮತದಾರರ ಬ್ಯಾಲಟ್ ವಾಪಸ್ ಹೋಗಿದ್ದು ಬೆಳಕಿಗೆ ಬಂದು, ವಿಷಯ ನ್ಯಾಯಾಲಯಕ್ಕೆ ಹೋಯಿತು.

ಮತಗಟ್ಟೆಯೊಳಗೆ ಯಂತ್ರವಿಲ್ಲ, ಬೆರಳಿಗೆ ಶಾಯಿಯಿಲ್ಲ. ಕಾಗದದ ಮೇಲೆ ಅಭ್ಯರ್ಥಿಗಳ ಹೆಸರು ಕುಟುಂಬನಾಮದ ಅಕ್ಷರಕ್ರಮದಲ್ಲಿ, ಕೆಳಗೆ ಪಕ್ಷದ ಹೆಸರು, ಪಕ್ಕದಲ್ಲಿ ಬಿಳಿ ವೃತ್ತ. ಚಿಹ್ನೆ ನೋಡಿ ಒತ್ತಿ ರೂಢಿಯಿರುವ ಹಿರಿಯರಿಗೆ ಹೆಸರನ್ನು ಮೊದಲೇ ಓದಿಸಿ ಅಭ್ಯಾಸ ಮಾಡಿಸಿ. ವೃತ್ತದೊಳಗೆ ಪೆನ್ಸಿಲ್‌ನಿಂದ ಒಂದು ಗುರುತು ಸಾಕು. ಎರಡು ವೃತ್ತಕ್ಕೆ ಗುರುತು ಹಾಕಿದರೆ, ಎಲ್ಲಾದರೂ ಸಹಿ ಮಾಡಿದರೆ ಅಮಾನ್ಯ. ಪೆಟ್ಟಿಗೆಗೆ ಹಾಕುವ ಮುಂಚೆ ತಪ್ಪಾಯಿತೆಂದು ಗೊತ್ತಾದರೆ ವಾಪಸ್ ಕೊಟ್ಟು ಹೊಸದು ಕೇಳಿ. ಪಕ್ಕದ ಕಾರ್ಲ್‌ಟನ್ ಕ್ಷೇತ್ರದಲ್ಲಿ 2025ರಲ್ಲಿ 91 ಅಭ್ಯರ್ಥಿಗಳಿದ್ದರು, ಬ್ಯಾಲಟ್ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ! ವಿರೋಧ ಪಕ್ಷದ ನಾಯಕ ಪಿಯರ್ ಪೊಲಿಯೆವ್ರ್ ಸೋತಿದ್ದು ಅಲ್ಲೇ.

ಅಷ್ಟು ಜನ ನಿಲ್ಲಲು ಸಾಧ್ಯವಾಗಿದ್ದು ಉಮೇದುವಾರಿಕೆ ಸುಲಭವಾಗಿರುವುದರಿಂದ. ಕ್ಷೇತ್ರದ 100 ಮತದಾರರ ಸಹಿ ಬೇಕು, ಠೇವಣಿಯನ್ನು 2017ರಲ್ಲಿ ನ್ಯಾಯಾಲಯ ತೆಗೆದುಹಾಕಿತು. ಅಭ್ಯರ್ಥಿ ಕ್ಷೇತ್ರದಲ್ಲಿ ವಾಸ ಇರಬೇಕೆಂದೂ ಇಲ್ಲ. ಓಟು ಹಾಕುವವರಿಗೆ ವಿಳಾಸದ ಕಟ್ಟುಪಾಡು, ನಿಲ್ಲುವವರಿಗೆ ಇಲ್ಲ. ಕಷ್ಟವಿರುವುದು ಪಕ್ಷದ ಟಿಕೆಟ್‌ನಲ್ಲಿ. 2025ರ ಮಾರ್ಚ್‌ನಲ್ಲಿ ಲಿಬರಲ್ ಪಕ್ಷ ಆಗ ಸಂಸದರಾಗಿದ್ದ ಆರ್ಯ ಅವರ ಟಿಕೆಟ್ ಹಿಂಪಡೆಯಿತು. ಚುನಾವಣೆ ಘೋಷಣೆಯ ಹಿಂದಿನ ದಿನ ಕಾರ್ನಿ ಅಲ್ಲಿಂದ ನಿಲ್ಲುವುದು ಪ್ರಕಟವಾಯಿತು. ಮೂರು ಸಲ ಗೆದ್ದವರ ಹೆಸರು ಬ್ಯಾಲಟ್ ಮೇಲೆ ಇರುವುದೋ ಇಲ್ಲವೋ ಎಂಬುದು ಪಕ್ಷದ ಕೈಯಲ್ಲಿತ್ತು, ಕ್ಷೇತ್ರದ ಮತದಾರರ ಕೈಯಲ್ಲಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಈ ವ್ಯವಸ್ಥೆಯ ದೊಡ್ಡ ಕೊರತೆ. ಸಾಮಾನ್ಯ ಸಂದರ್ಭದಲ್ಲಿ ಸ್ಥಳೀಯ ಸದಸ್ಯರೇ ಟಿಕೆಟ್‌ಗೆ ಮತ ಹಾಕುತ್ತಾರೆ. ಲಿಬರಲ್, ಕನ್ಸರ್ವೇಟಿವ್ ಪಕ್ಷಗಳಿಗೆ 14 ವರ್ಷ ತುಂಬಿದ ಪಿಆರ್‌ಗಳೂ (ಸಿಟಿಜನ್ ಆಗದೆ ಕಾಯಂ ವಾಸದ ಅನುಮತಿ ಪಡೆದವರು) ಸೇರಬಹುದು. ಗಡುವಿನೊಳಗೆ ಸದಸ್ಯತ್ವ ಆಗಿರಬೇಕು. ಸಾರ್ವತ್ರಿಕ ಮತದಾನದಲ್ಲಿ ಓಟಿಲ್ಲದ ಪಿಆರ್‌ಗಳು ಪಕ್ಷಕ್ಕೆ ಮಿತಿಯೊಳಗೆ ದೇಣಿಗೆ ಕೊಡಬಹುದು, ಮನೆಮನೆ ಪ್ರಚಾರಕ್ಕೂ ಹೋಗಬಹುದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವವರಿಗೆ ಊರಿನ ಮತದ ಹಕ್ಕು ಉಳಿದೇ ಇರುತ್ತದೆ: ಹೊರದೇಶದಲ್ಲಿರುವವರು ಹೆಸರು ಸೇರಿಸುವ ಫಾರ್ಮ್ 6ಎ ತುಂಬಿ, ಮತದಾನದ ದಿನ ಊರಿನ ಬೂತ್‌ಗೇ ಹೋಗಬೇಕು. ಕೆನಡಾ ಸಿಟಿಜನ್ ಆದ ದಿನವೇ ಆ ಹಕ್ಕು ಹೋಗುತ್ತದೆ, ಭಾರತ ಮೂಲದ ವಿದೇಶಿ ನಾಗರಿಕರಿಗೆ ಕೊಡುವ ಒಸಿಐ ಕಾರ್ಡ್ ಅದನ್ನು ವಾಪಸ್ ಕೊಡುವುದಿಲ್ಲ. ಊರಿನ ಪಟ್ಟಿಯಿಂದ ಹೆಸರು ತೆಗೆಸಲು ಫಾರ್ಮ್ 7 ಇದೆ, ಮರೆಯಬೇಡಿ.

ಇನ್ನು ಚುನಾವಣೆ ಮುಗಿದ ಮೇಲೆ ಸಂಸದರ ಕ್ಷೇತ್ರ ಕಚೇರಿಯ ಬಾಗಿಲು ಓಟು ಇಲ್ಲದವರಿಗೂ, ಓಟು ಹಾಕದವರಿಗೂ ತೆರೆದಿರುತ್ತದೆ. ಅಪ್ಪ ಅಮ್ಮನ ವಿಸಾ, ತಡವಾದ ಪಾಸ್‌ಪೋರ್ಟ್, ಸಿಟಿಜನ್‌ಶಿಪ್ ಅರ್ಜಿ ಇವೇ ಅಲ್ಲಿಗೆ ಹೆಚ್ಚು ಬರುವ ಕೆಲಸ. ವಿಸಾ ಕೊಡಿಸುವ ಅಧಿಕಾರ ಅವರಿಗಿಲ್ಲ, ಕಡತ ಎಲ್ಲಿ ನಿಂತಿದೆ ಎಂದು ಇಲಾಖೆಯನ್ನು ಕೇಳಬಲ್ಲರು. ಹೋಗುವಾಗ ಅರ್ಜಿ ಸಂಖ್ಯೆ, ಅರ್ಜಿದಾರರೇ ಸಹಿ ಮಾಡಿದ ಒಪ್ಪಿಗೆ ಪತ್ರ, ತಿರಸ್ಕಾರವಾಗಿದ್ದರೆ ಆ ಪತ್ರದ ಪ್ರತಿ, ನೀವು ಅದೇ ಕ್ಷೇತ್ರದವರು ಎನ್ನಲು ವಿಳಾಸದ ದಾಖಲೆ ಒಯ್ಯಿರಿ. ಬೇರೆ ಕ್ಷೇತ್ರದವರಾಗಿದ್ದರೆ ನಿಮ್ಮ ಸಂಸದರ ಕಚೇರಿಗೇ ಹೋಗಿ ಎಂದು ಕಳಿಸುತ್ತಾರೆ. ಪತ್ರ ಬರೆಯುವುದಾದರೆ ಹೌಸ್ ಆಫ್ ಕಾಮನ್ಸ್ ವಿಳಾಸಕ್ಕೆ ಹಾಕಿ, ಸ್ಟ್ಯಾಂಪ್ ಬೇಕಿಲ್ಲ.