ಮನಸ್ಸಿಲಾಯಿಲ್ಲ

ಕಾಸರಗೋಡಿಗೆ ವರ್ಗವಾಗಿ ಬಂದು ಎರಡು ವರ್ಷ ಆಯಿತು. ನಾನು ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ, ಊರು ಹಾವೇರಿ ಹತ್ತಿರ. ಹೊರಡುವಾಗ ಎಲ್ಲರೂ ಧೈರ್ಯ ಹೇಳಿದ್ದರು, "ಅಲ್ಲಿ ಕನ್ನಡ ನಡೀತೈತಿ, ಚಿಂತಿ ಮಾಡಬ್ಯಾಡ" ಅಂತ. 1956ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು ಅಲ್ವಾ. ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆ ಹೋದರೆ ಅಂಗಡಿ, ಬಸ್ಸು, ಶಾಲೆ ಎಲ್ಲೆಲ್ಲೂ ಕನ್ನಡ ಕೇಳುತ್ತದೆ. ಆದರೆ ನಮ್ಮ ಶಾಖೆಯಲ್ಲಿ ಬೆಳಗಿನ ಮೀಟಿಂಗ್ ನಡೆಯುವುದು ಮಲಯಾಳದಲ್ಲಿ.

ಮೊದಲ ಮೂರು ತಿಂಗಳು, ಯಾರು ಏನು ಹೇಳಿದರೂ ತಲೆ ಆಡಿಸುತ್ತಿದ್ದೆ. ಅರ್ಧ ತಿಳಿದಿರುತ್ತಿತ್ತು, ಇನ್ನರ್ಧ ಊಹೆ. ಮತ್ತೆ ಕೇಳಿದರೆ ಇವಳಿಗೆ ಏನೂ ಬರಲ್ಲ ಅಂದುಕೊಂಡಾರು ಅನ್ನೋ ಭಯ. ಧಾರವಾಡದಲ್ಲಿ ಬಿಎಸ್ಸಿ ಅಗ್ರಿ ಓದುವಾಗ ಎಲ್ಲರೆದುರು ಎದ್ದು ನಿಂತು ಪ್ರಶ್ನೆ ಕೇಳುತ್ತಿದ್ದವಳು ನಾನು. ಇಲ್ಲಿ ಗೋಡೆ ಪಕ್ಕದ ಕುರ್ಚಿ ಹುಡುಕತೊಡಗಿದೆ. ಭಾಷೆಯ ಭಯ ಮೆಲ್ಲಗೆ ಕೆಲಸಕ್ಕೂ ಹಬ್ಬಿತು. ನನಗೆ ಗೊತ್ತಿದ್ದದ್ದು ಮೆಣಸಿನಕಾಯಿ, ಗೋವಿನಜೋಳ, ಹತ್ತಿ. ಇಲ್ಲಿ ಅಡಿಕೆ, ತೆಂಗು, ಕಾಳುಮೆಣಸು. ನಮ್ಮಲ್ಲಿ ಎಕರೆಗೆ 40 ಗುಂಟೆ, ಇಲ್ಲಿ 100 ಸೆಂಟ್ಸು. ಇಷ್ಟು ಸಣ್ಣ ಲೆಕ್ಕವನ್ನೂ ಮೇಜಿನ ಕೆಳಗೆ ಮೊಬೈಲ್ ಹಿಡಿದು ಮಾಡುತ್ತಿದ್ದೆ.

ಒಂದು ದಿನ ಒಬ್ಬ ರೈತರು ಫೋನ್ ಮಾಡಿದರು. ತೋಟ ನೋಡಲು ಯಾವಾಗ ಬರುತ್ತೀರಿ ಅಂತ ಕೇಳಿ, ಅವರೇ ಒಂದು ದಿನ ಹೇಳಿದರು. "ಶರಿ, ಶರಿ" ಅಂದೆ. ಅವರು ಹೇಳಿದ್ದು ಚೊವ್ವಾಳ್ಚ, ಅಂದರೆ ಮಂಗಳವಾರ. ನಾನು ಅದನ್ನು ವ್ಯಾಳಾಳ್ಚ ಅಂದುಕೊಂಡು ಡೈರಿಯಲ್ಲಿ ಗುರುವಾರ ಎಂದು ಬರೆದೆ. ಎಪ್ಪತ್ತು ದಾಟಿದ ಆ ಹಿರಿಯರು ಮಂಗಳವಾರ ಇಡೀ ದಿನ ಎಲ್ಲಿಗೂ ಹೋಗದೆ ಕಾದಿದ್ದರಂತೆ. ಗುರುವಾರ ಹೋದಾಗ ಬೈಯಲಿಲ್ಲ, ಚಹಾ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಕ್ಯಾಶ್ ಕೌಂಟರಿನ ಚೇಚಿಗೆ, ಅಂದರೆ ಅಕ್ಕನಿಗೆ, ಎಲ್ಲ ಹೇಳಿಕೊಂಡೆ. ಅವರು ಒಂದು ಚೀಟಿಯಲ್ಲಿ ವಾರದ ಏಳೂ ದಿನಗಳನ್ನು ಮಲಯಾಳದಲ್ಲಿ ಹೇಳಿ, ನನ್ನಿಂದಲೇ ಕನ್ನಡ ಅಕ್ಷರದಲ್ಲಿ ಬರೆಸಿದರು. ಕೆಳಗೆ ಇನ್ನೊಂದು ಸಾಲು: "ಮನಸ್ಸಿಲಾಯಿಲ್ಲ, ಒನ್ನುಕೂಡಿ ಪರಯಾಮೋ?" ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳ್ತೀರಾ ಅಂತ. ಅಲ್ಲಿಯವರೆಗೆ ಆ ಪದ ಕೇಳಿದಾಗಲೆಲ್ಲ ನನ್ನ ಕಿವಿಗೆ "ಮನಸ್ಸಿಲ್ಲ" ಎಂದೇ ಬೀಳುತ್ತಿತ್ತು. ಹಾಗೆ ಹೇಳಿದರೆ ಕೆಲಸ ಮಾಡಲು ಇಷ್ಟವಿಲ್ಲ ಎಂದಂತೆ ಅನಿಸಿ ನಾಲಿಗೆ ಏಳುತ್ತಿರಲಿಲ್ಲ. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.

ಆಮೇಲಿನ ಮಾರ್ಚ್‌ನಲ್ಲಿ ಪೆರ್ಲದ ಕಡೆ ಒಬ್ಬರು ಹನಿ ನೀರಾವರಿಗೆ ಸಾಲ ಕೇಳಿದರು. ಕನ್ನಡದವರೇ. "ನಿಮ್ಮದು ಘಟ್ಟದ ಮೇಲಾ?" ಅಂತ ಮಾತು ಶುರು ಮಾಡಿದರು. ಫಾರ್ಮಿನಲ್ಲಿ ನೀರಿನ ಮೂಲಕ್ಕೆ ಬಾವಿ, ಕೊಳವೆಬಾವಿ, ಕಾಲುವೆ ಅಂತ ಮೂರೇ ಇದ್ದವು. ಅವರು "ಸುರಂಗ" ಅಂದರು. ಹಿಂದಿನ ನಾನಾಗಿದ್ದರೆ ತಲೆ ಆಡಿಸಿ ಬಾವಿ ಎಂದು ಬರೆದುಬಿಡುತ್ತಿದ್ದೆ. "ಸುರಂಗ ಅಂದ್ರೆ ಏನು? ನನಗೆ ಗೊತ್ತಿಲ್ಲ, ತೋರಿಸ್ತೀರಾ?" ಅಂದೆ.

ಅವರ ಮುಖ ಅರಳಿತು. ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದರು. ಕೆಂಪು ಮುರಕಲ್ಲಿನಲ್ಲಿ ಒಬ್ಬರು ನಡೆಯುವಷ್ಟು ಎತ್ತರದ ಬಾಯಿ, ಎರಡೂ ಭುಜ ತಾಗುವಷ್ಟು ಅಗಲ. ಪಿಕ್ಕಾಸಿನಲ್ಲಿ ಅಡ್ಡಕ್ಕೆ ಕೊರೆದುಕೊಂಡು ಹೋಗಿದ್ದಾರೆ, ಅವರ ಅಜ್ಜನ ಕಾಲದ್ದಂತೆ. ಒಳಗೆ ಹೋದರೆ ಹೊರಗಿನ ಬಿಸಿಲೆಲ್ಲ ಮರೆತುಹೋಗುವ ತಂಪು. ಗೋಡೆಯಿಂದ ನೀರು ಜಿನುಗಿ ಪಾದ ಮುಳುಗುವಷ್ಟು ಹರಿಯುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ನೀರು ತಾನಾಗೇ ಹೊರಗಿನ ಟ್ಯಾಂಕಿಗೆ ಬರುತ್ತದೆ. ಹಾವೇರಿಯಲ್ಲಿ ನಾಲ್ಕು ವರ್ಷಕ್ಕೆ ಬೀಳುವ ಮಳೆ ಇಲ್ಲಿ ಒಂದೇ ವರ್ಷ ಸುರಿಯುತ್ತದೆ, ಸುಮಾರು 3,500 ಮಿಲಿಮೀಟರ್. ಆದರೆ ಗುಡ್ಡದ ಇಳಿಜಾರು, ಬಿದ್ದ ನೀರು ಓಡಿಬಿಡುತ್ತದೆ. ಗುಡ್ಡದೊಳಗೆ ಇಂಗಿದ್ದನ್ನು ಈ ಜನ ಹೀಗೆ ಹುಡುಕಿ ಹೊರಗೆ ತರುತ್ತಾರೆ.

ಅಲ್ಲೇ 15 ಲೀಟರಿನ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದೆ. ತುಂಬಲು ಸರಿಯಾಗಿ ಒಂದು ನಿಮಿಷ. ದಿನಕ್ಕೆ 21,600 ಲೀಟರ್. ಅವರದು 900 ಅಡಿಕೆ ಮರ. ಮರಕ್ಕೆ ದಿನಕ್ಕೆ 20 ಲೀಟರ್ ಅಂದರೂ 18,000 ಸಾಕು. ಲೆಕ್ಕ ಬರೆಯುವಾಗ ಕೈ ಎಲ್ಲೂ ತಡವರಿಸಲಿಲ್ಲ. ಇದು ನಾನು ಓದಿದ ವಿದ್ಯೆ, ನನಗೆ ಬರುವ ಕೆಲಸ. ಎಷ್ಟೋ ತಿಂಗಳ ಮೇಲೆ ಹಾಗೆ ಅನಿಸಿತು.

ಮೀಟಿಂಗಿನಲ್ಲಿ ಈ ಅರ್ಜಿ ಬಂದಾಗ ನಾನೇ ಎದ್ದು ಹೇಳಿದೆ. ಹರಕು ಮುರುಕು ಮಲಯಾಳ, ನಡುವೆ ಇಂಗ್ಲಿಷ್. ಮ್ಯಾನೇಜರ್ ಸಾರ್ ಕೊಲ್ಲಂನವರು. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿ, "ಸುರಂಗ? ಮನಸ್ಸಿಲಾಯಿಲ್ಲ. ಒನ್ನುಕೂಡಿ ಪರಯಾಮೋ?" ಅಂದರು.

ಎಲ್ಲರೆದುರು, ಶಾಖೆಗೇ ದೊಡ್ಡವರು, ಎಷ್ಟು ಸಲೀಸಾಗಿ ಕೇಳಿದರು! ಯಾರೂ ಅವರನ್ನು ಕಡಿಮೆ ಅಂದುಕೊಳ್ಳಲಿಲ್ಲ. ನಾನಂತೂ ಅಂದುಕೊಳ್ಳಲೇ ಇಲ್ಲ. ಕಾಗದದ ಮೇಲೆ ಗುಡ್ಡ, ಸುರಂಗ, ಟ್ಯಾಂಕಿ ಎಲ್ಲ ಬಿಡಿಸಿ ತೋರಿಸಿದೆ. ಸಾಲ ಮಂಜೂರಾಯಿತು.

ಹೊಸ ಊರಿನಲ್ಲಿ, ಬಾರದ ಭಾಷೆಯ ನಡುವೆ ಕೆಲಸಕ್ಕೆ ಸೇರಿ ನನ್ನ ಹಾಗೆ ತಲೆ ಆಡಿಸುತ್ತಿರುವ ತಂಗಿ ತಮ್ಮಂದಿರು ಎಷ್ಟು ಜನ ಇದ್ದೀರೋ. ನಿಮ್ಮನ್ನು ನೆನೆದೇ ಇಷ್ಟು ಬರೆದೆ. ಮೊದಲ ಸಲ ಕೇಳುವುದು ನಿಜಕ್ಕೂ ಕಷ್ಟ, ಮುಖ ಬಿಸಿಯಾಗುತ್ತದೆ. ಐದಾರು ಸಲ ಆದ ಮೇಲೆ ಅಷ್ಟಾಗಿ ಅನಿಸುವುದಿಲ್ಲ.

ಮೊನ್ನೆ ಆ ಚಹಾ ಕೊಟ್ಟ ಹಿರಿಯರು ಮತ್ತೆ ಫೋನ್ ಮಾಡಿದ್ದರು. ಎರಡು ಸಲ ಮನಸ್ಸಿಲಾಯಿಲ್ಲ ಅಂದೆ, ಅವರು ಎರಡು ಸಲವೂ ನಿಧಾನಕ್ಕೆ ಹೇಳಿದರು. ಕಾಳುಮೆಣಸಿನ ಬಳ್ಳಿ ಹಳದಿ ಆಗುತ್ತಿದೆಯಂತೆ, ಬಂದು ನೋಡಬೇಕಂತೆ. "ವೆಳ್ಳಿಯಾಳ್ಚ ಅಲ್ಲೇ?" ಅಂತ ನಾನೇ ತಿರುಗಿ ಕೇಳಿದೆ. ಹೌದಂತೆ, ಶುಕ್ರವಾರ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೊರಡುತ್ತೇನೆ.