ಎತ್ತಿನ ಬಲಗಡೆ

ಚಿಕ್ಕಮ್ಮ ಫೋನ್ ಮಾಡಿದ್ದು ಅವರೆಕಾಯಿ ವಿಷಯಕ್ಕೆ. ಒಂದು ಚೀಲ ಕಿತ್ತು ಇಟ್ಟಿದ್ದೀನಿ, ಭಾನುವಾರ ಬಂದು ತಗೊಂಡು ಹೋಗು ಅಂದರು. ಫೋನ್ ಇಡೋ ಮುಂಚೆ ಇನ್ನೊಂದು ಮಾತು ಸೇರಿಸಿದರು. "ನಮ್ ಎಡಗಡೆ ಎತ್ತು ಇಲ್ವಾ, ಅದೊಂದು ಕುರಿಮರಿ ಸಾಕ್ಕೊಂಡದೆ ಕನ ಮಗ."

ನಾನು ಮೈಸೂರಿನಲ್ಲಿ ಕೆಲಸ ಮಾಡುವವನು. ಭಾನುವಾರ ಬಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಳ್ಳುವ ಚಟ. ನಮ್ಮ ಕಡೆ ಫೋಟೋ ಹುಚ್ಚಿನವರೆಲ್ಲ ಹೋಗುವುದು ರಂಗನತಿಟ್ಟಿಗೆ. ಅಲ್ಲಿ ನನ್ನ ಪಕ್ಕ ಕೂರುವವರ ಲೆನ್ಸು ನನ್ನ ತೋಳಿನಷ್ಟು ಉದ್ದ. ನನ್ನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಲ್ಲಿ ಕೊಕ್ಕರೆ ಅಂದರೆ ಒಂದು ಬಿಳಿ ಚುಕ್ಕೆ. ಎತ್ತು ಆದರೆ ಹತ್ತಿರ ಹೋಗಬಹುದು, ಓಡಿ ಹೋಗಲ್ಲ, ಕಟ್ಟಿ ಹಾಕಿರುತ್ತಾರೆ.

ಒಂದು ಅನುಮಾನವೂ ಇತ್ತು ಅನ್ನಿ. ಮೊಬೈಲಿನಲ್ಲಿ ಇಂಥ ಸ್ನೇಹದ ವಿಡಿಯೋಗಳಿಗೆ ಬರವಿಲ್ಲ. ಬೆಕ್ಕಿನ ಪಕ್ಕ ಕೋಳಿಮರಿ, ನಾಯಿಯ ಬೆನ್ನ ಮೇಲೆ ಬಾತುಕೋಳಿ. ಒಂದು ಸಲ ಅಂಥದ್ದೊಂದನ್ನು ದೊಡ್ಡದು ಮಾಡಿ ನೋಡಿದೆ. ಕೋಳಿಮರಿಯ ಕಾಲಿಗೆ ದಾರ ಕಟ್ಟಿದ್ದರು. ಅವತ್ತಿನಿಂದ ಮುದ್ದು ಬರುವುದಕ್ಕೆ ಮೊದಲು ದಾರ ಹುಡುಕುತ್ತೇನೆ.

ಬೆಳಿಗ್ಗೆ ಆರಕ್ಕೆ ಬೈಕ್ ಹತ್ತಿದೆ. ಬನ್ನೂರು, ಕಿರುಗಾವಲು ದಾಟಿ ಮಳವಳ್ಳಿ ಕಡೆಗೆ. ಮಾಗಿ ಚಳಿ, ಮಂಜು. ಆಲೆಮನೆ ಹೊಗೆ ಯಾವುದು, ಮಂಜು ಯಾವುದು ಗೊತ್ತಾಗದು. ವಾಸನೆ ಮಾತ್ರ ಬೆಲ್ಲದ್ದೇ.

ಊರಲ್ಲಿ ಚಿಕ್ಕಪ್ಪ ಹಲ್ಲುಜ್ಜುತ್ತಾ ಕಥೆ ಹೇಳಿದರು. ಅವರ ಹತ್ತಿರ ಹಳ್ಳಿಕಾರ್ ಜೋಡಿ ಇತ್ತು. ಉದ್ದ ಕೊಂಬು, ಬೂದು ಮೈ. 2022ರಲ್ಲಿ ಚರ್ಮಗಂಟು ರೋಗ ಊರೂರು ಸುತ್ತಿತಲ್ಲ, ಆಗ ಬಲಗಡೆಯದು ಹೋಯಿತು. ಉಳಿದದ್ದಕ್ಕೆ ಹೊಸ ಜೊತೆ ತರಲು ಎರಡು ಸಲ ನೋಡಿದರು. ಒಂದನ್ನು ಇದು ಹಾಯಿತು, ಇನ್ನೊಂದು ಇದನ್ನು ಹಾಯಿತು. ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ನಡೆಯುವುದೇ ಇಲ್ಲವಂತೆ. ಹಾಗಾಗಿ ಅದೀಗ ಸುಮ್ನೆ ಕೊಟ್ಟಿಗೆಯಲ್ಲಿದೆ. "ಮಾರ್ಬುಡಿ ಅಂತಾರೆ. ಎಲ್ಲಿಗೆ ಹೋಯ್ತದೆ ಅಂತ ಗೊತ್ತಲ್ವಾ ನಂಗೆ?" ಅಂದು ಬಾಯಿ ಮುಕ್ಕಳಿಸಿದರು.

ಮರಿಯ ಕಥೆ ಬೇರೆ. ಅದು ಬಂಡೂರು ತಳಿ. ಬಂಡೂರು ಅನ್ನುವ ಊರು ಇರುವುದೂ ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. ಕುಳ್ಳ ಕಾಲು, ಪೀಪಾಯಿಯಂಥ ಮೈ, ಕೊಂಬಿಲ್ಲ. ಈ ಮರಿ ಹುಟ್ಟಿದ ಎರಡನೇ ದಿನ ತಾಯಿ ಸತ್ತಿತು. ಬೇರೆ ಕುರಿಗಳ ಹತ್ತಿರ ಬಿಟ್ಟರೆ ಗುದ್ದಿ ಓಡಿಸಿದವು. ಅವುಗಳದ್ದೇನೂ ತಪ್ಪಿಲ್ಲ. ಈದ ಮೇಲೆ ಮೊದಲ ಕೆಲವು ಗಂಟೆಯಲ್ಲಿ ತಾಯಿ ಕುರಿ ಮರಿಯನ್ನು ನೆಕ್ಕಿ ನೆಕ್ಕಿ ಅದರ ವಾಸನೆ ಕಲಿಯುತ್ತದೆ. ಆಮೇಲೆ ಆ ವಾಸನೆ ಇಲ್ಲದ ಮರಿ ಯಾವುದೇ ಇರಲಿ, ಕೆಚ್ಚಲಿಗೆ ಬಾಯಿ ಹಾಕಲು ಬಿಡಲ್ಲ.

ಚಿಕ್ಕಮ್ಮ ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿದರು. ರಾತ್ರಿ ಮಂಕರಿ ಕವುಚಿ ಮೇಲೆ ಕಲ್ಲು ಹೇರುತ್ತಿದ್ದರು. ಒಂದು ರಾತ್ರಿ ಕಲ್ಲು ಹೇರುವುದು ಮರೆತುಹೋಯಿತು. ಬೆಳಿಗ್ಗೆ ನೋಡಿದರೆ ಮಂಕರಿ ಉರುಳಿ ಬಿದ್ದಿತ್ತು, ಮರಿ ಎತ್ತಿನ ಹೊಟ್ಟೆಗೆ ಅಂಟಿಕೊಂಡು ಮಲಗಿತ್ತು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ತಿಂದ ಹುಲ್ಲು ಹುಳಿಯುತ್ತಾ ಶಾಖ ಬರುತ್ತಲೇ ಇರುತ್ತದೆ. ಮಾಗಿಯಲ್ಲಿ ಅದು ಮುಚ್ಚಿಟ್ಟ ಒಲೆ ಇದ್ದ ಹಾಗೆ.

ಇಷ್ಟೆಲ್ಲ ಕೇಳಿ ಕೊಟ್ಟಿಗೆಗೆ ಹೋದರೆ ಎತ್ತು ಒಂದೇ ನಿಂತಿದೆ. ಮರಿ ಎಲ್ಲಿ?

ಬಚ್ಚಲ ಹತ್ತಿರ. ಚಿಕ್ಕಮ್ಮ ಅದಕ್ಕೆ ಶ್ಯಾಂಪೂ ಹಾಕಿ ತಿಕ್ಕುತ್ತಿದ್ದರು. ಹಂಡೆಯ ಬಿಸಿನೀರು, ಎರಡು ಸ್ಯಾಚೆ ಶ್ಯಾಂಪೂ. "ಫೋಟೋ ತೆಗೀತಾನೆ ಅಂದ್ರೆ ಸಗಣಿ ಮೆತ್ಕೊಂಡ್ ನಿಂತಿದ್ರೆ ಚೆಂದಾನಾ?" ಹಳೇ ಟವೆಲಿನಲ್ಲಿ ಒರೆಸಿ, ಹಣೆಗೆ ಕುಂಕುಮ ಇಟ್ಟು, ಕೈಗೆ ಕೊಟ್ಟರು. ಹೂವಿನ ವಾಸನೆ ಘಂ ಅಂತಿತ್ತು. ಬೆಳ್ಳಗೆ ಹತ್ತಿಯ ಹಾಗಿತ್ತು. ನನಗೂ ಒಳಗೊಳಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮರಿಯನ್ನು ಎತ್ತಿನ ಮುಂದೆ ಬಿಟ್ಟೆ. ಅದು ಓಡಿ ಹೋಗಿ ಮುಂಗಾಲಿಗೆ ಒರಗಿತು. ಎತ್ತು ತಲೆ ಇಳಿಸಿ ಮೂಸಿತು. ಬುಸ್ ಅಂತ ಉಸಿರು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿತು, ಕಣ್ಣಿ ಬಿಗಿಯಾಗುವವರೆಗೆ. ಮರಿ ಮತ್ತೆ ಹತ್ತಿರ ಹೋಯಿತು. ಎತ್ತು ಮುಖ ತಿರುಗಿಸಿತು. ಮರಿ "ಮ್ಯಾ" ಅಂದರೆ ಎತ್ತಿನ ಕಿವಿ ತಟ್ಟನೆ ಇತ್ತ ತಿರುಗುತ್ತದೆ, ದನಿ ಗುರುತಿದೆ. ಮೂಸಿದರೆ ಮಾತ್ರ ಬೇರೆ ಯಾರೋ. ಪಾಪ, ಮರಿಗೆ ತನ್ನ ಮೈಯಲ್ಲಿ ಏನು ಬದಲಾಗಿದೆ ಅಂತ ಹೇಗೆ ಗೊತ್ತಾಗಬೇಕು?

ಕುರಿಗಳು ಮುಖಗಳನ್ನೂ ನೆನಪಿಡುತ್ತವೆ. ಐವತ್ತು ಕುರಿಗಳ ಮುಖವನ್ನು ಎರಡು ವರ್ಷದವರೆಗೂ ಗುರುತಿಸಬಲ್ಲವು ಅಂತ ಇಂಗ್ಲೆಂಡಿನ ವಿಜ್ಞಾನಿಗಳು 2001ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಮರಿಗೇನೋ ಎತ್ತಿನ ಮುಖ ಗೊತ್ತು. ಎತ್ತಿಗೆ ಬೇಕಿದ್ದದ್ದು ಮುಖವಲ್ಲ.

"ಬುಡು, ಅದ್ಯಾವ್ ಸ್ನೇಹ. ಬೂಸದ ಆಸೆಗೆ ಹೋಯ್ತಿತ್ತು ಅಷ್ಟೆ," ಅಂದರು ಚಿಕ್ಕಮ್ಮ. ಮುಖ ಮಾತ್ರ ಸಪ್ಪಗಾಗಿತ್ತು. ಚಿಕ್ಕಪ್ಪ ಏನೂ ಅನ್ನಲಿಲ್ಲ, ಖಾಲಿ ಶ್ಯಾಂಪೂ ಸ್ಯಾಚೆಯನ್ನು ಎತ್ತಿ ಹಿಂದೆ ಮುಂದೆ ನೋಡಿ ಕೆಳಗೆ ಹಾಕಿದರು.

ಅಷ್ಟರಲ್ಲಿ ಕೇರಿಯ ಹುಡುಗರೆಲ್ಲ ಸೇರಿದ್ದರು. ಒಬ್ಬ ಮರಿಯನ್ನು ಎತ್ತಿನ ಕತ್ತಿಗೆ ಒತ್ತಿ ಹಿಡಿಯುತ್ತೇನೆ, ಬೇಗ ತೆಗೀ ಅಣ್ಣ ಅಂದ. ಒಂದು ಕ್ಷಣ ಹೂಂ ಅನ್ನೋಣ ಅನ್ನಿಸಿತು. ಕೈಯನ್ನು ಫ್ರೇಮಿನಿಂದ ಆಚೆ ಕತ್ತರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೋಳಿಮರಿಯ ಕಾಲಿನ ದಾರ ನೆನಪಾಯಿತು. ಬೇಡ ಅಂದೆ. ಅವರು ಬೇಜಾರಾಗಿ ಕ್ರಿಕೆಟ್‌ಗೆ ಹೋದರು. ಒಳ್ಳೆಯದೇ ಆಯಿತು.

ಮರಿ ಎತ್ತಿನ ಹಾಸಿನ ಮೇಲೆ, ಗಂಜಲ ನೆಂದ ಹುಲ್ಲಿನಲ್ಲಿ ಹೋಗಿ ಮುದುಡಿ ಮಲಗಿತು. ನಾನು ಮುದ್ದೆ, ಅವರೆಕಾಳಿನ ಸಾರು ಉಂಡೆ. ಎರಡು ಸಲ ಉಂಡೆ. ಜಗಲಿಯ ಮೇಲೆ ಒಂದು ಕೋಳಿನಿದ್ದೆಯೂ ಆಯಿತು.

ಎದ್ದು ಕೊಟ್ಟಿಗೆಗೆ ಹೋದಾಗ ಮೂರು ದಾಟಿತ್ತು. ಎತ್ತು ಮಲಗಿತ್ತು. ಮರಿಯ ಬಿಳಿ ಮೈ ಒಂದು ಪಕ್ಕ ಪೂರ್ತಿ ಹಳದಿ ಆಗಿತ್ತು, ಬೆನ್ನಿನ ಮೇಲೆ ಸಗಣಿ, ಕುಂಕುಮ ಕಿವಿಯವರೆಗೂ ಹರಡಿತ್ತು. ಅದೀಗ ಎತ್ತಿನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ನಾನು ಬಾಗಿಲಲ್ಲೇ ಬೋರಲು ಮಲಗಿಕೊಂಡೆ. ಎತ್ತು ನಿಂತಾಗ ಅದರ ತಲೆ ಎಲ್ಲೋ, ಮರಿ ಎಲ್ಲೋ. ಎರಡನ್ನೂ ಹಿಡಿದರೆ ಫ್ರೇಮಿನ ತುಂಬ ಬರೀ ಕಾಲು. ಮಲಗಿದರೆ ಎರಡರ ಕಣ್ಣೂ ಒಂದೇ ಸಮಕ್ಕೆ ಬರುತ್ತವೆ. ಇದು ಬೆಳಿಗ್ಗೆಯೇ ಹೊಳೆಯಬೇಕಿತ್ತು. ಫ್ಲ್ಯಾಶ್ ಹಾಕುವ ಹಾಗಿಲ್ಲ, ಎತ್ತು ಬೆಚ್ಚುತ್ತದೆ. ಕೊಟ್ಟಿಗೆ ಕತ್ತಲು, ಮರಿ ಬಿಳಿ. ಕ್ಯಾಮೆರಾ ಕತ್ತಲನ್ನು ನಂಬಿ ಬೆಳಕು ಜಾಸ್ತಿ ತಗೊಂಡರೆ ಮರಿ ಸುಣ್ಣದ ಉಂಡೆ ಆಗುತ್ತದೆ. ಹಾಗಾಗಿ ಬೆಳಕು ಒಂದು ಸ್ಟಾಪ್ ಇಳಿಸಿ ಕಾದೆ. ಅಂಗಿಯೊಳಗೆ ಗಂಜಲ ತಣ್ಣಗೆ ಇಳಿಯುತ್ತಿತ್ತು.

ಎತ್ತು ಮೆಲುಕು ಹಾಕುತ್ತಿದ್ದದ್ದು ನಿಂತಿತು. ಕತ್ತು ಚಾಚಿ ಮರಿಯ ಬೆನ್ನು ಮೂಸಿತು. ಆಮೇಲೆ ಕಿವಿ, ಆಮೇಲೆ ಬಾಲದ ಬುಡ. ಅಲ್ಲೇ ಜಾಸ್ತಿ ಹೊತ್ತು ಮೂಸಿತು. ನಾನು ಉಸಿರು ಹಿಡಿದಿದ್ದೆ. ಕೊನೆಗೆ ನಾಲಿಗೆ ಬಂತು. ಉಪ್ಪುಕಾಗದದಂಥ ನಾಲಿಗೆ, ಒಂದೊಂದು ಸಲ ನೆಕ್ಕಿದಾಗಲೂ ಮರಿ ಮುಗ್ಗರಿಸಿ ಬೀಳುತ್ತದೆ, ಎದ್ದು ಮತ್ತೆ ಅಲ್ಲೇ ಕತ್ತು ಕೊಡುತ್ತದೆ. ದನಗಳು ಒಂದನ್ನೊಂದು ನೆಕ್ಕುವುದು ಹೆಚ್ಚಾಗಿ ಕತ್ತು, ತಲೆಯನ್ನೇ, ತಾವೇ ನೆಕ್ಕಿಕೊಳ್ಳಲು ನಾಲಿಗೆ ಎಟುಕದ ಜಾಗ. ಈ ಎತ್ತಿನ ಕತ್ತು ನೆಕ್ಕುವವರು ಎರಡು ವರ್ಷದಿಂದ ಯಾರೂ ಇರಲಿಲ್ಲ. ಮರಿಗೆ ಅಷ್ಟು ಎತ್ತರ ಎಟುಕುವುದಿಲ್ಲ. ಅದು ಮೂಗುದಾರದ ತುದಿಯನ್ನು ಚೀಪಿತು.

ಸಂಜೆ ಚಿಕ್ಕಪ್ಪ ಎತ್ತನ್ನು ನಾಲೆಗೆ ನೀರಿಗೆ ಹೊಡೆದುಕೊಂಡು ಹೊರಟರು. ಮರಿ ಹಿಂದೆಯೇ ಓಡಿತು. "ನೋಡ್ಲಾ, ಯಾವ್ ಕಡೆ ನಡೀತದೆ ನೋಡು," ಅಂದರು. ಎತ್ತು ದಾರಿಯ ಎಡಕ್ಕೆ ನಡೆಯುತ್ತಿತ್ತು, ಬಲಗಡೆ ಒಂದು ಎತ್ತಿನಷ್ಟು ಜಾಗ ಬಿಟ್ಟು. ಮರಿ ಆ ಜಾಗದಲ್ಲಿತ್ತು.

"ಆ ಕಡೆ ಗರಿಕೆ ಜಾಸ್ತಿ ಅದೆ, ಅದ್ಕೇ," ಅಂತ ಚಿಕ್ಕಮ್ಮ ಮನೆ ಬಾಗಿಲಿಂದಲೇ ಕೂಗಿದರು.

ರಾತ್ರಿ ಮೈಸೂರಿಗೆ ಬಂದು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಎಣಿಸಿದೆ. ಕೊಟ್ಟಿಗೆಯೊಳಗಿನವುಗಳಲ್ಲಿ ಎಡ, ಬಲ ಹೆಚ್ಚುಕಮ್ಮಿ ಅರ್ಧಕ್ಕರ್ಧ. ನಡೆಯುವಾಗ ತೆಗೆದದ್ದು ಒಂಬತ್ತು. ಒಂಬತ್ತರಲ್ಲೂ ಬಲಗಡೆ. ಗರಿಕೆಯೂ ಬಲಗಡೆಯೇ ಇತ್ತು ಅನ್ನುವುದು ಬೇರೆ ಮಾತು. ಅವಸರದಲ್ಲಿ ಅವರೆಕಾಯಿ ಚೀಲ ಅಲ್ಲೇ ಬಿಟ್ಟು ಬಂದಿದ್ದೆ.

ನೆಕ್ಕುವ ಫೋಟೋವನ್ನು ಚಿಕ್ಕಪ್ಪನ ಮೊಬೈಲಿಗೆ ಕಳಿಸಿದೆ. ಅವರು ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಎಷ್ಟು ಜನ ಕರಗಿದರೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆಯೇ ಕುರಿ ವ್ಯಾಪಾರಿಯೊಬ್ಬ ಮನೆ ಮುಂದೆ ಬಂದು ನಿಂತನಂತೆ. ಫೋಟೋದಲ್ಲಿ ಮರಿಯ ಸೊಂಟ ನೋಡಿದೆ, ಒಳ್ಳೇ ಟಗರಾಗ್ತದೆ, ಈಗಲೇ ಮುಂಗಡ ಕೊಡ್ತೀನಿ ಅಂದನಂತೆ. ನನಗೆ ಫೋನ್ ಮಾಡಿ ಹೇಳಿದ್ದು ಚಿಕ್ಕಮ್ಮ.

"ನೀವೇನಂದ್ರಿ?" ಅಂದೆ.

"ಎತ್ತನ್ನೂ ಸೇರಿಸಿ ತಗೊಳಪ್ಪ, ಬಿಡಿಬಿಡಿಯಾಗಿ ಕೊಡಲ್ಲ ಅಂದೆ. ಕಾಪಿನೂ ಕುಡೀದೆ ಎದ್ದೋದ. ನೀನು ಅವರೆಕಾಯಿ ಯಾವಾಗ ತಗೊಂಡೋಯ್ತೀಯ?"