ಅಕ್ಕಾ, ರೇಟು ಯಾವಾಗ ಇಳಿಯುತ್ತೆ?

ತುಮಕೂರಿನಲ್ಲಿ ನಮ್ಮದೊಂದು ದಿನಸಿ ಅಂಗಡಿ. ಗಲ್ಲಾದ ಹಿಂದೆ ನಾನು ಕೂತು ಹದಿನೇಳು ವರ್ಷ ಆಯಿತು. ದಿನಕ್ಕೆ ಹತ್ತು ಸಲವಾದರೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಎಣ್ಣೆ ಪ್ಯಾಕೆಟ್ ಕೈಗೆತ್ತಿಕೊಂಡು, ಹಿಂದೆ ಮುಂದೆ ತಿರುಗಿಸಿ, ಬೆಲೆ ನೋಡಿ, ವಾಪಸ್ ಇಡುತ್ತಾ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಈ ಸರ್ಕಾರದವರು ಏನ್ ಮಾಡ್ತಿದಾರೆ ಅಂತೀನಿ?"

ನಾಲ್ಕು ಜನ ಸಾಲಲ್ಲಿ ನಿಂತಿರುವಾಗ ಇದಕ್ಕೆಲ್ಲ ಉತ್ತರ ಹೇಳಲು ಆಗುವುದಿಲ್ಲ. "ಇಳಿಯುತ್ತೆ ಬಿಡಮ್ಮ" ಅಂದು ಚಿಲ್ಲರೆ ಕೊಟ್ಟು ಕಳಿಸುತ್ತೇನೆ. ಹಾಗೆ ಕಳಿಸಿದ ಮೇಲೆ ಸಮಾಧಾನ ಇರುವುದಿಲ್ಲ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಮೊದಲು ತೆಂಗಿನಕಾಯಿ ವಿಷಯ ಹೇಳಬೇಕು. ನಮ್ಮ ಜಿಲ್ಲೆಯನ್ನು ಕಲ್ಪತರು ನಾಡು ಅಂತಾರೆ. ಇಲ್ಲಿ ಹುಟ್ಟಿ ಬೆಳೆದವರು ಕಾಯಿಯನ್ನು ಲೆಕ್ಕ ಹಾಕಿ ಬಳಸಿದವರಲ್ಲ. 2025ರಲ್ಲಿ ಸುಮಾರಾದ ಒಂದು ಕಾಯಿ ನಮ್ಮ ಅಂಗಡಿಯಲ್ಲೇ 50 ರೂಪಾಯಿ ದಾಟಿತು. ಆಗ ನಾನು ಮೊದಲ ಸಲ ಹೋಳು ಮಾರಲು ಶುರು ಮಾಡಿದೆ. ನಮ್ಮ ಬೀದಿಯ ಒಬ್ಬರು ಅಜ್ಜಿ ಬಂದು, "ಒಂದು ಹೋಳು ಸಾಕು ಕಣಮ್ಮ" ಅಂದರು. ಕಾಯಿ ಒಡೆಯುವ ಮೊದಲು ಸೆರಗಿನ ಮರೆಯಿಂದ ಒಂದು ಪುಟ್ಟ ಸ್ಟೀಲ್ ಲೋಟ ತೆಗೆದು ಕೆಳಗೆ ಹಿಡಿದರು. ಕಾಯಿನೀರು ಮೊಮ್ಮಗಳಿಗೆ. ಹೋಳು ಅರ್ಧ ಬೆಲೆಗೆ ಕೊಟ್ಟೆ. ಉಳಿದ ಹೋಳು ಒಣಗದ ಹಾಗೆ ನೀರಿನ ಬಟ್ಟಲಲ್ಲಿ ಬೋರಲು ಹಾಕಿಟ್ಟೆ. ಸಂಜೆಯೊಳಗೆ ಅದೂ ಹೋಯಿತು. ಆಮೇಲೆ ದಿನಾ ಬೆಳಗ್ಗೆ ಎರಡು ಕಾಯಿ ಒಡೆದಿಡುವುದು ರೂಢಿಯೇ ಆಯಿತು.

ಈಗ ಇದರ ಇನ್ನೊಂದು ಕಡೆ ನೋಡಿ. ನನ್ನ ಅಣ್ಣನಿಗೆ ತಿಪಟೂರು ತಾಲ್ಲೂಕಿನಲ್ಲಿ ತೆಂಗಿನ ತೋಟ ಇದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ನಡೆಯುತ್ತಿದ್ದ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ರೈತರು ಧರಣಿ ಕೂತರು. ಅಣ್ಣ ಆ ವರ್ಷ ಕೊಬ್ಬರಿ ಮಾರಿದ್ದು ಗೊಬ್ಬರದ ಸಾಲಕ್ಕೇ ಸಾಲಲಿಲ್ಲ. ಅದೇ ವರ್ಷ ಬರ ಬಂತು. ಜೊತೆಗೆ ನುಸಿ, ಕಪ್ಪು ತಲೆ ಹುಳು. ದುಡ್ಡಿನ ಅಡಚಣೆ ಇದ್ದವರು ಕಾಯಿ ಬಲಿಯುವವರೆಗೂ ಕಾಯದೆ ಎಳನೀರಿಗೇ ಕಡಿಸಿ ಮದ್ದೂರಿನ ಕಡೆ ಕಳಿಸಿದರು. ಮರದಲ್ಲಿ ಕಾಯಿ ಕಡಿಮೆಯಾಯಿತು. 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿ ಇನ್ನೂ ಮೇಲಕ್ಕೆ ಹೋಯಿತು. ಅಣ್ಣ ಸೊಸೈಟಿ ಸಾಲ ತೀರಿಸಿದ, ಅತ್ತಿಗೆ ಅಡವಿಟ್ಟ ಬಳೆ ಬಿಡಿಸಿಕೊಂಡರು.

ಹಾಗಾಗಿ ಕಾಯಿ ರೇಟು ಇಳಿಯಲಿ ಅಂತ ನಾನು ಹೇಗೆ ಬಾಯಿಬಿಟ್ಟು ಹೇಳಲಿ? ಅಜ್ಜಿಯೂ ನಮ್ಮವರೇ, ಅಣ್ಣನೂ ನಮ್ಮವನೇ. ಹಾಲೂ ಹಾಗೇ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ ಆದಾಗ ಎಲ್ಲರೂ ಬೈದರು. ಹಸು ಕಟ್ಟಿದವರ ಮನೆಯಲ್ಲಿ ಬೂಸಾ, ಹಿಂಡಿಯ ಬೆಲೆ ಕೇಳಿದರೆ ಆ 4 ರೂಪಾಯಿ ಜಾಸ್ತಿ ಅನ್ನಿಸುವುದಿಲ್ಲ. ಬೆಳೆದವರ ಕೈಗೆ ಹೋಗುವ ಬೆಲೆಯ ಮೇಲೆ ನನಗೆ ಸಿಟ್ಟಿಲ್ಲ.

ಎಣ್ಣೆಯ ಕಥೆ ಬೇರೆ. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ. 2024ರ ಸೆಪ್ಟೆಂಬರ್ 14ಕ್ಕೆ ಕೇಂದ್ರ ಸರ್ಕಾರ ಕಚ್ಚಾ ಸೂರ್ಯಕಾಂತಿ, ಸೋಯಾ, ತಾಳೆ ಎಣ್ಣೆಯ ಮೇಲಿನ ಸುಂಕವನ್ನು ಸೆಸ್ ಎಲ್ಲ ಸೇರಿ ಶೇ 5.5ರಿಂದ ಶೇ 27.5ಕ್ಕೆ ಏರಿಸಿತು. ಇಲ್ಲಿನ ಎಣ್ಣೆಕಾಳು ಬೆಳೆಗಾರರಿಗೆ ಬೆಲೆ ಸಿಗಲಿ ಅನ್ನುವುದು ಉದ್ದೇಶ. ಗಣೇಶನ ಹಬ್ಬ ಮುಗಿದಿತ್ತು, ದಸರಾ ಎದುರಿಗೇ ಇತ್ತು. ಎರಡು ದಿನ ಕಳೆಯುವಷ್ಟರಲ್ಲಿ ಡಿಸ್ಟ್ರಿಬ್ಯೂಟರ್ ಹುಡುಗ ಫೋನ್ ಮಾಡಿ, "ಹಳೇ ಸ್ಟಾಕಿಗೂ ಹೊಸ ರೇಟೇ" ಅಂದ. 2025ರ ಮೇ ಕೊನೆಗೆ ಆ ಕಚ್ಚಾ ಎಣ್ಣೆಯ ಸುಂಕವನ್ನು ಶೇ 16.5ಕ್ಕೆ ಇಳಿಸಿದರು. ಆಗ ನಮ್ಮ ಅಂಗಡಿಗೆ ಕಡಿಮೆ ರೇಟಿನ ಪ್ಯಾಕೆಟ್ ಬರಲು ವಾರಗಟ್ಟಲೆ ಹಿಡಿಯಿತು. ಏರುವುದು ಎರಡು ದಿನದಲ್ಲಿ, ಇಳಿಯುವುದು ವಾರಗಳಲ್ಲಿ. ಈ ಜಾಗದಲ್ಲಿ ಸರ್ಕಾರ ಕಣ್ಣಿಟ್ಟಿರಬೇಕು. ಸುಂಕ ಇಳಿಸಿ ಸುಮ್ಮನಾದರೆ ಸಾಲದು, ಇಳಿದದ್ದು ಅಡುಗೆಮನೆ ತಲುಪಿತಾ ಅಂತ ಬಂದು ನೋಡಬೇಕು.

ಜಿಎಸ್‌ಟಿ ಇಳಿಯಿತಲ್ಲ ಅಂತ ಕೆಲವರು ಕೇಳುತ್ತಾರೆ. ನಿಜ, 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟು, ಬಿಸ್ಕತ್ತು ಶೇ 18ರಿಂದ ಶೇ 5ಕ್ಕೆ ಬಂತು. ಒಳ್ಳೆಯದೇ ಆಯಿತು. ಆದರೆ ಬಿಡಿ ಅಕ್ಕಿ ಬೇಳೆಗೆ ಮೊದಲೂ ತೆರಿಗೆ ಇರಲಿಲ್ಲ, ಎಣ್ಣೆಗೆ ಮೊದಲಿಂದಲೂ ಶೇ 5. ತಿಂಗಳ ಚೀಟಿಯಲ್ಲಿ ದುಡ್ಡು ಜಾಸ್ತಿ ಹೋಗುವುದು ಈ ಸಾಮಾನಿಗೇ ಅಲ್ವಾ?

ಇಷ್ಟು ಹೇಳಿದ ಮೇಲೆ ನನ್ನ ಕಡದ ಪುಸ್ತಕ ತೆಗೆಯುತ್ತೇನೆ. ಉದ್ದನೆಯ ಕೆಂಪು ರಟ್ಟಿನ ಪುಸ್ತಕ. ಒಂದೊಂದು ಮನೆಗೆ ಒಂದೊಂದು ಪುಟ. ಬೆಲೆ ಏರಿಕೆ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇದರಲ್ಲಿದೆ. ಟೊಮೆಟೊ 2023ರ ಜುಲೈನಲ್ಲಿ 100 ರೂಪಾಯಿ ದಾಟಿದಾಗ ಕಡ ಏರಲಿಲ್ಲ. ಜನ ಹುಣಸೆಹುಳಿ ಕಿವುಚಿ ಸಾರು ಮಾಡಿಕೊಂಡರು. ತೊಗರಿಬೇಳೆ ಏರಿದಾಗಲೂ ಹೆಸರುಬೇಳೆ, ಹುರುಳಿಕಾಳಿಗೆ ಹೋದರು. ಕಡ ಏರುವುದು ಪ್ರತಿ ವರ್ಷ ಮೇ ಕೊನೆ, ಜೂನ್‌ನಲ್ಲಿ. ಶಾಲೆ ಶುರುವಾಗುವ ಹೊತ್ತಿಗೆ.

ಒಂದು ಪುಟ ಹೇಳುತ್ತೇನೆ, ಹೆಸರು ಬೇಡ. ಗಂಡ ಆಟೋ ಓಡಿಸುತ್ತಾರೆ, ಆಕೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಬ್ಬರು ಮಕ್ಕಳು. ಫೀಸು, ಪುಸ್ತಕ, ವ್ಯಾನು ಸೇರಿ ವರ್ಷಕ್ಕೆ 70 ಸಾವಿರ. ಮೇ ತಿಂಗಳ ಪುಟದಲ್ಲಿ ಒಂದು ಲೀಟರ್ ಎಣ್ಣೆ, ಎರಡು ಕೆಜಿ ಬೇಳೆ, ಕಡಲೆಬೀಜ, ಮೊಟ್ಟೆ ಎಲ್ಲ ಇದೆ. ಜೂನ್‌ನಲ್ಲಿ ಮೊಟ್ಟೆ ಇಲ್ಲ, ಕಡಲೆಬೀಜ ಇಲ್ಲ. ಎಣ್ಣೆ ಚಿಕ್ಕ ಪ್ಯಾಕೆಟ್ಟಿಗೆ ಬಂದಿದೆ. ಚಿಕ್ಕ ಪ್ಯಾಕೆಟ್ ಲೆಕ್ಕ ಹಾಕಿದರೆ ದುಬಾರಿ ಅಂತ ಆಕೆಗೂ ಗೊತ್ತು. ಕೈಯಲ್ಲಿ ಅವತ್ತಿಗೆ ಇರುವುದು ಅಷ್ಟೇ, ಏನು ಮಾಡುತ್ತಾಳೆ? ಫೀಸಿಗೆ ಚೌಕಾಸಿ ನಡೆಯುವುದಿಲ್ಲ, ಬಾಡಿಗೆಗೆ ನಡೆಯುವುದಿಲ್ಲ, ಆಸ್ಪತ್ರೆ ಬಿಲ್ಲಿಗೆ ನಡೆಯುವುದಿಲ್ಲ. ಕಡಿಮೆ ಮಾಡಬಹುದಾದದ್ದು ತಟ್ಟೆಯಲ್ಲಿರುವ ಅನ್ನ ಮಾತ್ರ. ಅದಕ್ಕೇ ಎಲ್ಲರೂ ನನ್ನ ಅಂಗಡಿಯಲ್ಲಿ ರೇಟು ಕೇಳುತ್ತಾರೆ. ಕೇಳಿದರೆ ಉತ್ತರ ಸಿಗುವ ಜಾಗ ಇದೊಂದೇ.

ನನ್ನ ಉತ್ತರ ಇದು. ಅಂಗಡಿ ರೇಟು ಏರುತ್ತೆ, ಇಳಿಯುತ್ತೆ. ಏರಿದ್ದು ಇಳಿಯದೇ ಇರುವುದು ಫೀಸು, ಬಾಡಿಗೆ, ಚಿಕಿತ್ಸೆ. ಸರ್ಕಾರ ಕೈ ಹಾಕಬೇಕಾದದ್ದು ಮೊದಲು ಅಲ್ಲಿ.

ರಾಜ್ಯ ಸರ್ಕಾರದ ಗ್ಯಾರಂಟಿಗಳ ಬಗ್ಗೆ ನಾನು ಹಗುರವಾಗಿ ಮಾತಾಡುವವಳಲ್ಲ. ಗೃಹಲಕ್ಷ್ಮಿ ದುಡ್ಡು ಬಿದ್ದ ದಿನ ನಮ್ಮ ಅಂಗಡಿಗೆ ಗೊತ್ತಾಗುತ್ತದೆ. ಹೆಂಗಸರು ಬಂದು, "ಪುಸ್ತಕ ತೆಗಿ ಅಕ್ಕಾ, ಹಳೇದು ಹೊಡೆದು ಹಾಕು" ಅನ್ನುತ್ತಾರೆ. ಆ ಮಾತು ಹೇಳುವಾಗ ಅವರ ಮುಖ ನೋಡಬೇಕು. ಗಂಡನನ್ನು ಕೇಳದೆ ಕೊಡುವ ದುಡ್ಡು ಅದು. ಉಚಿತ ಬಸ್ಸಿನಿಂದ ತಿಂಗಳಿಗೆ ಸಾವಿರ ಉಳಿಸಿ ಕೆಲಸಕ್ಕೆ ಹೋಗುತ್ತಿರುವ ಹುಡುಗಿಯರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಗೃಹಲಕ್ಷ್ಮಿ ತಿಂಗಳಿಗೆ 2,000 ಅಂದರೆ ವರ್ಷಕ್ಕೆ 24 ಸಾವಿರ. ಆ 70 ಸಾವಿರದ ಪಕ್ಕ ಇಟ್ಟು ನೋಡಿ. ಕಂತು ತಡವಾದ ತಿಂಗಳು ಕಡ ಮತ್ತೆ ಬೆಳೆಯುತ್ತದೆ. ಇತ್ತ ಡೀಸೆಲ್ ಮೇಲಿನ ರಾಜ್ಯದ ತೆರಿಗೆ 2024ರ ಜೂನ್‌ನಲ್ಲೂ ಏರಿತು, 2025ರ ಏಪ್ರಿಲ್‌ನಲ್ಲೂ ಏರಿತು. ಡೀಸೆಲ್ ಏರಿದರೆ ನನ್ನ ಅಂಗಡಿಗೆ ಬರುವ ಒಂದೊಂದು ಮೂಟೆಯ ಮೇಲೂ ಲಾರಿ ಬಾಡಿಗೆ ಏರುತ್ತದೆ.

ಶಾಲೆ ವಿಷಯದಲ್ಲಿ ನನಗೆ ನಿಜವಾಗಿಯೂ ಸಂಕಟ ಆಗುತ್ತದೆ. ಆರ್‌ಟಿಇ ಅಂದರೆ ಶಿಕ್ಷಣ ಹಕ್ಕು ಕಾನೂನಿನಲ್ಲಿ ಖಾಸಗಿ ಶಾಲೆಗಳ ಶೇ 25 ಸೀಟು ಬಡವರ ಮಕ್ಕಳಿಗೆ ಸಿಗುತ್ತಿತ್ತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ. ಸರ್ಕಾರಿ ಶಾಲೆಗೇ ಮಕ್ಕಳು ಬರಲಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಹಾಗಾದರೆ ಅಲ್ಲಿ ತರಗತಿಗೊಬ್ಬ ಮೇಷ್ಟ್ರು ಇರಬೇಕು, ಇಂಗ್ಲಿಷ್ ಚೆನ್ನಾಗಿ ಕಲಿಸಬೇಕು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಓದಿಸುವ ಸರ್ಕಾರದ ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ನಮ್ಮ ಕಡೆ ಸೀಟಿಗಿಂತ ಅರ್ಜಿಯೇ ಜಾಸ್ತಿ ಬೀಳುತ್ತದೆ. ಒಳ್ಳೆಯ ಶಾಲೆ ಕೊಟ್ಟರೆ ಜನ ಬರುತ್ತಾರೆ. ಪ್ರತಿ ಬಡಾವಣೆಗೂ ಅಂಥದ್ದೊಂದು ಆದರೆ ಎಷ್ಟು ಮನೆಗಳ ಜೂನ್ ತಿಂಗಳು ಬದಲಾಗುತ್ತದೆ ಅಂತ ನನ್ನ ಪುಸ್ತಕ ನೋಡಿ ನಾನು ಹೇಳಬಲ್ಲೆ.

ವರಮಾನದ ಬಗ್ಗೆಯೂ ಒಂದು ಮಾತು. ಸರ್ಕಾರಿ ನೌಕರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ ಏರುತ್ತದೆ, ಏರಲೇಬೇಕು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಿಗೆ ಪಿಎಫ್ ಕಚೇರಿಯಿಂದ ಬರುವ ಇಪಿಎಸ್ ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿ ಅಂತ ಮಾಡಿದರು. ಹತ್ತು ವರ್ಷ ಕಳೆದರೂ ಅದು 1,000 ಆಗಿಯೇ ಇತ್ತು. ಅಂಥ ಒಬ್ಬರು ಯಜಮಾನರು ನಮ್ಮ ಅಂಗಡಿಗೆ ಬರುತ್ತಾರೆ. ಕಾಫಿಪುಡಿಯನ್ನು ಐವತ್ತು ಗ್ರಾಂ ತೂಗಿಸಿಕೊಂಡು, ಪೊಟ್ಟಣವನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಕನಿಷ್ಠ ವೇತನಕ್ಕೂ ಪ್ರತಿ ಏಪ್ರಿಲ್‌ಗೆ ತುಟ್ಟಿಭತ್ಯೆ ಸೇರಿಸುವ ನಿಯಮ ಇದೆ. ನಮ್ಮ ಅಂಗಡಿ ಹುಡುಗನಿಗೆ ಅದನ್ನು ನೋಡಿಕೊಂಡೇ ಸಂಬಳ ಏರಿಸುತ್ತೇನೆ. ಎಲ್ಲ ಕಡೆ ಹಾಗೆ ಆಗುತ್ತಿದೆಯಾ ಅಂತ ಕೇಳುವವರು ಬೇಕು.

ಅಲ್ಲಿಯವರೆಗೆ ನಾವು ಏನು ಮಾಡಬಹುದು? ನಾನು ಮಾಡುವುದನ್ನೇ ಹೇಳುತ್ತೇನೆ. ಕಲಬುರಗಿಯ ಹೊಸ ತೊಗರಿ ಜನವರಿ, ಫೆಬ್ರವರಿಯಲ್ಲಿ ಬರುತ್ತದೆ. ಆಗ ಮೂರು ಮನೆಯವರು ಸೇರಿ ಒಂದು ಮೂಟೆ ಬೇಳೆ ತೆಗೆದು ಹಂಚಿಕೊಳ್ಳಿ. ಹುಣಸೆಹಣ್ಣು, ಒಣಮೆಣಸಿನಕಾಯಿ ಮಾರ್ಚ್‌ನಲ್ಲಿ ವರ್ಷಕ್ಕಾಗುವಷ್ಟು ತೆಗೆದಿಡಿ. ನಮ್ಮ ಅತ್ತೆಯವರ ಬಿಪಿ, ಶುಗರ್ ಮಾತ್ರೆ ನಾನು ಜನೌಷಧಿ ಅಂಗಡಿಯಲ್ಲಿ ತರುತ್ತೇನೆ, ಡಾಕ್ಟರಿಗೆ ತೋರಿಸಿಯೇ ಬದಲಿಸಿದೆವು. ತುಂಬಾ ಉಳಿಯಿತು. ರೇಷನ್ ರಾಗಿಯನ್ನು ಮಾರಬೇಡಿ, ಮುದ್ದೆ ಮಾಡಿ ಉಣ್ಣಿ.

ಹೊಲಿಗೆ ಮಾಡುವ ಆಕೆ ಮೊನ್ನೆ ಬಂದಿದ್ದಳು. ಚಿಕ್ಕವಳನ್ನು ಪಬ್ಲಿಕ್ ಶಾಲೆಗೆ ಹಾಕೋಣ ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದಾರಂತೆ. "ಅಲ್ಲಿ ಇಂಗ್ಲಿಷ್ ಸರಿಯಾಗಿ ಹೇಳಿಕೊಡ್ತಾರಾ ಅಕ್ಕಾ?" ಅಂದಳು. ಸೋಮವಾರ ನಾನೂ ಆಕೆಯೂ ಹೋಗಿ ಕೇಳಿಕೊಂಡು ಅರ್ಜಿ ತರುತ್ತೇವೆ. ಅವತ್ತು ಅಂಗಡಿ ಹನ್ನೊಂದಕ್ಕೆ ತೆಗೆಯುತ್ತೇನೆ.